ಲಾಸ್ಕೋದಲ್ಲಿ ತೋರಿಸೋದು ಡೂಪ್ಲಿಕೇಟ್ ಗುಹೆ ಅಂತೆ, ಹೋಗಬೇಕಾ?

ಪ್ರಶ್ನೆ: ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಜೊತೆಗೆ ಇಬ್ಬರು ಮಕ್ಕಳು. ಫ್ರಾನ್ಸಿನ ದೊರ್ದೋನ್ ಕಡೆ ಸಾರ್ಲಾದಲ್ಲಿ ಮೂರು ದಿನ ಇರುತ್ತೇವೆ. ಒಂದು ದಿನ ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಗೆ ಹೋಗೋಣ ಅಂದುಕೊಂಡರೆ, ಅಸಲಿ ಗುಹೆ ಮುಚ್ಚಿದ್ದಾರೆ, ಈಗ ಇರೋದು ಸುಮ್ನೆ ಟಿಕೆಟ್ ಮಾರೋಕೆ ಮಾಡಿದ ಸೆಟ್ ಅಂತ ಎಲ್ಲರೂ ಹೇಳುತ್ತಾರೆ. ದುಡ್ಡು ದಂಡ ಅಲ್ವಾ?

ಉತ್ತರ: ದಂಡ ಅಲ್ಲ. ಹೋಗಿ.

ಬೋರ್ಡೋಗೆ ಬಂದು ನೆಲೆಸಿದ ಮೇಲೆ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲಿ ಹೇಳಿದ್ದೇನೆ, ಊಟದ ಮನೆಯಲ್ಲಿ ಹೇಳಿದ್ದೇನೆ, ಕಾರು ಓಡಿಸುತ್ತಾ ಹೇಳಿದ್ದೇನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಹೋಗೋ ದಾರಿ. ಸಾರ್ಲಾಗೆ ಬೋರ್ಡೋದಿಂದ ರೈಲಿದೆ, ಆದರೆ ಗುಹೆ ಇರುವ ಮೊಂತಿನ್ಯಾಕ್ ಊರಿಗೆ ರೈಲಿಲ್ಲ. ಕಾರು ಬೇಕೇ ಬೇಕು. ಸಾರ್ಲಾದಿಂದ ಅರ್ಧ ಗಂಟೆಯ ದಾರಿ. ಬೆಳಗಿನ ಟಿಕೆಟ್ ಮುಂಚೆಯೇ ಬುಕ್ ಮಾಡಿ. ಹನ್ನೆರಡರಿಂದ ಎರಡರ ಒಳಗೆ ಊಟಕ್ಕೆ ಕೂತುಬಿಡಿ. ಎರಡು ಗಂಟೆ ದಾಟಿದರೆ ಹಳ್ಳಿ ಹೋಟೆಲಿನ ಅಡುಗೆಮನೆ ಮುಚ್ಚಿರುತ್ತದೆ, ಬೇಡಿಕೊಂಡರೂ ಒಲೆ ಹಚ್ಚುವುದಿಲ್ಲ. ಅಪ್ಪ ಅಮ್ಮ ಸಸ್ಯಾಹಾರಿಗಳಾದರೆ ಇನ್ನೊಂದು ಮಾತು. ಈ ಕಡೆ ಎಲ್ಲಾ ಕಡೆ ಸಿಗುವ ಸಾರ್ಲಾ ಆಲೂಗಡ್ಡೆ ನೋಡೋಕೆ ನಮ್ಮ ಪಲ್ಯದ ಹಾಗೇ ಇರುತ್ತದೆ, ಆದರೆ ಅದನ್ನು ಹುರಿಯೋದು ಬಾತುಕೋಳಿ ಕೊಬ್ಬಿನಲ್ಲಿ. ಮೇಕೆ ಹಾಲಿನ ಚೀಸ್ ಹಾಕಿದ ಸಲಾಡ್, ಅಕ್ರೋಟಿನ ಕೇಕ್ ಕೇಳಿ. ಒಂದು ಡಬ್ಬಿ ಚಪಾತಿ, ಚಟ್ನಿಪುಡಿ ಕಾರಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ವೆಝೆರ್ ನದಿ ದಂಡೆಯಲ್ಲಿ ಕೂತು ತಿನ್ನೋಕೆ ಜಾಗಕ್ಕೇನೂ ಬರ ಇಲ್ಲ.

ಈಗ ಆ 'ಡೂಪ್ಲಿಕೇಟ್' ಮಾತಿಗೆ ಬರೋಣ.

1940ರ ಸೆಪ್ಟೆಂಬರ್‌ನಲ್ಲಿ, ಯುದ್ಧದ ಕಾಲದಲ್ಲಿ, ಮಾರ್ಸೆಲ್ ರವಿದಾ ಅನ್ನೋ ಹುಡುಗ ಮೊಂತಿನ್ಯಾಕ್ ಪಕ್ಕದ ಗುಡ್ಡದಲ್ಲಿ ಒಂದು ತೂತು ನೋಡಿದ. ಕೆಲವು ದಿನ ಬಿಟ್ಟು, 12ನೇ ತಾರೀಖು, ಇನ್ನೂ ಮೂವರು ಹುಡುಗರ ಜೊತೆ ಬಂದು ಅದನ್ನು ಅಗಲ ಮಾಡಿ ಒಳಗೆ ಇಳಿದ. ದೀಪ ಎತ್ತಿದರೆ ಗೋಡೆ ತುಂಬಾ ಗೂಳಿ, ಕುದುರೆ, ಜಿಂಕೆ. ಬರೆದು ಸಾವಿರಾರು ವರ್ಷ, ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ 17,000 ವರ್ಷ ಆಗಿತ್ತು. ಆದರೂ ಬಣ್ಣ ಹೊಸದರಂತೆ ಇತ್ತು. ಯಾಕೆ ಗೊತ್ತಾ? ಗುಹೆಯ ಬಾಯಿ ಮಣ್ಣು ಕುಸಿದು ಮುಚ್ಚಿಹೋಗಿತ್ತು. ಮೇಲಿನ ಜೇಡಿಮಣ್ಣಿನ ಪದರ ಮಳೆ ನೀರನ್ನು ಒಳಗೆ ಬಿಡುತ್ತಿರಲಿಲ್ಲ. ಗಾಳಿ, ಬೆಳಕು, ಉಸಿರು ಯಾವುದೂ ಇರಲಿಲ್ಲ. ಯಾರೂ ಹೋಗದೇ ಇದ್ದದ್ದರಿಂದಲೇ ಅದು ಉಳಿದಿತ್ತು.

1948ರಲ್ಲಿ ಜನರಿಗೆ ಬಾಗಿಲು ತೆರೆದರು. ಓಡಾಡೋಕೆ ಅನುಕೂಲ ಆಗಲಿ ಅಂತ ಬಾಯಿ ಅಗಲ ಮಾಡಿದರು, ನೆಲ ಅಗೆದರು, ವಿದ್ಯುತ್ ದೀಪ ಹಾಕಿದರು. 1950ರ ದಶಕದಲ್ಲಿ ದಿನಕ್ಕೆ 1,200ರಷ್ಟು ಜನ ಬರುತ್ತಿದ್ದರು. ಅಷ್ಟು ಜನ ಒಂದು ಸಣ್ಣ ಸುಣ್ಣಕಲ್ಲಿನ ಗುಹೆಯಲ್ಲಿ ಉಸಿರು ಬಿಟ್ಟರೆ ಏನಾಗುತ್ತದೆ ಯೋಚಿಸಿ. ಉಸಿರಿನ ಇಂಗಾಲದ ಡೈಆಕ್ಸೈಡ್ ಗೋಡೆಯ ತೇವದಲ್ಲಿ ಕರಗಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಆ ಸುಣ್ಣ ಚಿತ್ರದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ದೀಪದ ಬೆಳಕಿಗೆ ಪಾಚಿ ಬೆಳೆಯುತ್ತದೆ. ಫ್ರೆಂಚರು ಇವೆರಡಕ್ಕೂ ಹೆಸರಿಟ್ಟರು: ಬಿಳಿ ರೋಗ, ಹಸಿರು ರೋಗ. ಸಾವಿರಾರು ವರ್ಷ ತಡೆದ ಚಿತ್ರ ಹದಿನೈದು ವರ್ಷದಲ್ಲಿ ಕಾಯಿಲೆ ಬಿತ್ತು. 1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಬಾಗಿಲು ಹಾಕಿಸಿದರು.

ಇದರಲ್ಲಿ ಟಿಕೆಟ್ ಮಾರೋ ಮಸಲತ್ತು ಎಲ್ಲಿದೆ, ಹೇಳಿ. ದುಡ್ಡೇ ಬೇಕಿದ್ದರೆ ಅಸಲಿ ಗುಹೆಯನ್ನೇ ತೆರೆದಿಟ್ಟುಕೊಳ್ಳುತ್ತಿದ್ದರು. ದಿನಕ್ಕೆ ಸಾವಿರಕ್ಕಿಂತ ಜಾಸ್ತಿ ಜನ ಸಾಲಿನಲ್ಲಿ ನಿಂತಿದ್ದಾಗ ಬಾಗಿಲು ಹಾಕಿದ್ದಾರೆ. ನಕಲು ಬಂದದ್ದು ಇಪ್ಪತ್ತು ವರ್ಷ ಆದಮೇಲೆ, 1983ರಲ್ಲಿ.

"ಇಲ್ಲ ಇಲ್ಲ, ಯಾರಾದರೂ ದೊಡ್ಡವರ ಪರಿಚಯ ಇದ್ದರೆ ಒಳಗೆ ಬಿಡುತ್ತಾರೆ" ಅಂತ ಇನ್ನೊಂದು ಮಾತಿದೆ. ಇದು ಎಲ್ಲಿಂದ ಹುಟ್ಟಿತು ಅಂತಲೂ ಹೇಳುತ್ತೇನೆ. ಮುಚ್ಚಿದ ಮೇಲೂ ಎಷ್ಟೋ ವರ್ಷ ದಿನಕ್ಕೆ ಐದೈದು ಜನರಂತೆ ಅನುಮತಿ ಕೊಟ್ಟು ಬಿಡುತ್ತಿದ್ದರು. 2001ರಲ್ಲಿ ಒಳಗೆ ಬಿಳಿ ಬೂಷ್ಟು ಹಬ್ಬಿತು. ನೆಲಕ್ಕೆ ಸುಣ್ಣ ಸುರಿದು ತಡೆಯಬೇಕಾಯಿತು. ಅದಾದಮೇಲೆ ಕಪ್ಪು ಕಲೆಗಳು ಬಂದವು. ಈಗ ಗುಹೆ ನೋಡಿಕೊಳ್ಳುವವರು, ಅಧ್ಯಯನ ಮಾಡುವವರು ಮಾತ್ರ, ಅದೂ ಎಣಿಸಿದಷ್ಟು ಹೊತ್ತು ಮಾತ್ರ ಹೋಗುತ್ತಾರೆ. ಪರಿಚಯ ಹುಡುಕೋ ಶ್ರಮ ಬೇಡ.

ಇನ್ನು 'ಸೆಟ್' ಅನ್ನೋ ಮಾತು. ನನಗೆ ತುಂಬಾ ಬೇಜಾರಾಗೋದು ಇದಕ್ಕೇ. ಮೊದಲ ನಕಲು, ಲಾಸ್ಕೋ 2, ಅಸಲಿಯಿಂದ ಬರೀ 200 ಮೀಟರ್ ದೂರದಲ್ಲಿದೆ. ಅದಕ್ಕೆ ಚಿತ್ರ ಬರೆದವರು ಮೋನಿಕ್ ಪೆಯ್ತ್ರಾಲ್ ಅನ್ನೋ ಕಲಾವಿದೆ. ಹಳಬರು ಬಳಸಿದಂಥದ್ದೇ ಮಣ್ಣಿನ ಬಣ್ಣ ತೆಗೆದುಕೊಂಡು ವರ್ಷಗಟ್ಟಲೆ ಬರೆದರು. 2016ರಲ್ಲಿ ಗುಡ್ಡದ ಬುಡದಲ್ಲಿ ತೆರೆದ ಲಾಸ್ಕೋ 4 ಇನ್ನೂ ದೊಡ್ಡದು. ನೀವು ಹೋಗೋದು ಇದಕ್ಕೇ. ಅಸಲಿ ಗುಹೆಯನ್ನು ಲೇಸರ್‌ನಲ್ಲಿ ಅಳೆದು, ಗೋಡೆಯ ಉಬ್ಬು ತಗ್ಗು ಎಲ್ಲವನ್ನೂ ಹಾಗೇ ಎರಕ ಹೊಯ್ದು, ಅದರ ಮೇಲೆ ಕಲಾವಿದರು ಕೈಯಲ್ಲೇ ಬಣ್ಣ ಹಾಕಿದ್ದಾರೆ. ಐದು ಮೀಟರ್‌ಗಿಂತ ಉದ್ದದ ಗೂಳಿ ನಿಮ್ಮ ತಲೆಯ ಮೇಲೆ ಬಾಗಿ ನಿಂತಿರುತ್ತದೆ. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಗಾಲಿಕುರ್ಚಿ ಹೋಗುವ ದಾರಿ ಇದೆ, ಅಪ್ಪ ಅಮ್ಮನ ಮಂಡಿಗೆ ತೊಂದರೆ ಆಗುವುದಿಲ್ಲ.

ನಮ್ಮ ಚಿಕ್ಕಮ್ಮ ಬಂದಾಗ ಬಾಗಿಲಲ್ಲೇ "ಸಿಮೆಂಟ್ ಗೋಡೆ ನೋಡೋಕೆ ಇಷ್ಟು ದೂರ ಕರಕೊಂಡು ಬಂದ್ಯಾ" ಅಂದಿದ್ದರು. ಒಳಗೆ ಹತ್ತು ನಿಮಿಷ ಮಾತೇ ಆಡಲಿಲ್ಲ. ಹೊರಗೆ ಬಂದು ಕೇಳಿದ್ದು ಒಂದೇ: "ಅಷ್ಟು ಎತ್ತರಕ್ಕೆ ಹೇಗೆ ಹತ್ತಿದರು?" ಒಳ್ಳೆಯ ಪ್ರಶ್ನೆ. ಅಟ್ಟಣಿಗೆ ಕಟ್ಟಿದ್ದರು. ಅಸಲಿ ಗುಹೆಯ ಗೋಡೆಯಲ್ಲಿ ಮರದ ತೊಲೆ ಸಿಕ್ಕಿಸಿದ ತೂತುಗಳು ಇನ್ನೂ ಇವೆ. ಪ್ರಾಣಿ ಕೊಬ್ಬು ಸುರಿದು ಉರಿಸುತ್ತಿದ್ದ ಕೆಂಪು ಕಲ್ಲಿನ ದೀಪವೂ ಸಿಕ್ಕಿದೆ.

ಇಷ್ಟಾದಮೇಲೂ ಅಸಲಿ ಚಿತ್ರವನ್ನೇ ನೋಡಬೇಕು ಅನ್ನಿಸಿದರೆ, ಅದೂ ಆಗುತ್ತದೆ. ಲಾಸ್ಕೋ ಒಂದನ್ನೇ ಹಿಡಿದುಕೊಂಡು ಗೊಣಗುವವರು ಈ ಮಾತು ಕೇಳಿಸಿಕೊಳ್ಳೋದೇ ಇಲ್ಲ. ಅದೇ ವೆಝೆರ್ ಕಣಿವೆಯ ಲೆಜೇಝಿ ಊರಲ್ಲಿ ಫೋಂ ದ ಗೋಮ್ ಗುಹೆ ಇದೆ. ಬಣ್ಣ ಬಣ್ಣದ ಅಸಲಿ ಕಾಡೆಮ್ಮೆ ಚಿತ್ರಗಳನ್ನು ಈಗಲೂ ಜನರಿಗೆ ತೋರಿಸುತ್ತಾರೆ. ದಿನಕ್ಕೆ ಕೆಲವೇ ಜನ, ಸಣ್ಣ ಸಣ್ಣ ಗುಂಪು, ಬಹಳ ಮುಂಚೆ ಬುಕ್ ಮಾಡಬೇಕು. ಗುಹೆಯ ಬಾಯಿಗೆ ಏರು ದಾರಿ ಹತ್ತಬೇಕು. ವಯಸ್ಸಾದವರು, ಮಕ್ಕಳು ಇದ್ದರೆ ನಾನು ರೂಫಿನ್ಯಾಕ್ ಹೇಳುತ್ತೇನೆ. ಅಲ್ಲಿ ಪುಟ್ಟ ವಿದ್ಯುತ್ ರೈಲು ಗುಹೆಯ ಒಳಗೇ ಕರಕೊಂಡು ಹೋಗುತ್ತದೆ, ಗೋಡೆ ತುಂಬಾ ಮ್ಯಾಮತ್ ಆನೆಗಳು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೀವು ಬೇಸಿಗೆಗೆ ಬರೋದರಿಂದ ತೊಂದರೆ ಇಲ್ಲ. ಬೆಳಿಗ್ಗೆ ಲಾಸ್ಕೋ 4, ಮಧ್ಯಾಹ್ನ ರೂಫಿನ್ಯಾಕ್. ಒಂದು ದಿನಕ್ಕೆ ಇಷ್ಟು ಸಾಕು. ರೊಕಾಮದೂರ್ ಊರು, ಪಾದಿರಾಕ್ ಗುಹೆ ಎಲ್ಲಾ ಅದೇ ದಿನ ತುರುಕಬೇಡಿ. ಅವು ಬೇರೆ ದಿಕ್ಕು.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕಂದರೆ ನನಗೆ ಲಾಸ್ಕೋ ಹಿಡಿದದ್ದೇ ಅದರಿಂದ. ಆ ಜನ ತಿನ್ನುತ್ತಿದ್ದದ್ದು ಹೆಚ್ಚಾಗಿ ಹಿಮಸಾರಂಗ. ಗುಹೆಯಲ್ಲಿ ಸಿಕ್ಕ ಮೂಳೆಗಳಲ್ಲಿ ಅದರದ್ದೇ ಜಾಸ್ತಿ. ಆದರೆ ಗುರುತಿಸಿದ 600ಕ್ಕೂ ಹೆಚ್ಚು ಪ್ರಾಣಿ ಚಿತ್ರಗಳಲ್ಲಿ ಕುದುರೆಗಳೇ 364, ಗಂಡು ಜಿಂಕೆ 90. ಹಿಮಸಾರಂಗ ಅಂತ ಹೇಳಬಹುದಾದದ್ದು ಒಂದೇ ಒಂದು. ಹಾಗಾದರೆ 'ಬೇಟೆ ಸಿಗಲಿ ಅಂತ ಬರೆದರು' ಅಂತ ಶಾಲೆಯಲ್ಲಿ ಕಲಿತದ್ದು ನಿಲ್ಲುತ್ತದಾ? ದಿನಾ ಅನ್ನ ತಿನ್ನುವವರು ಗೋಡೆ ಮೇಲೆ ಅನ್ನ ಬರೆದುಕೊಳ್ಳುವುದಿಲ್ಲ. ಅವರ ಮನಸ್ಸಿನಲ್ಲಿ ಓಡಾಡುತ್ತಿದ್ದದ್ದು ಕುದುರೆ, ಗೂಳಿ. ಯಾಕೆ ಅನ್ನೋದಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ.

ಇಷ್ಟೆಲ್ಲಾ ಪ್ರಾಣಿಗಳ ನಡುವೆ ಮನುಷ್ಯ ಒಬ್ಬನೇ. ಗುಹೆಯ ಆಳದ ಬಾವಿಯಂಥ ಜಾಗದಲ್ಲಿ ಹೊಟ್ಟೆ ಬಗೆದ ಕಾಡೆಮ್ಮೆಯ ಮುಂದೆ ಬಿದ್ದಿದ್ದಾನೆ. ಹಕ್ಕಿಯ ತಲೆ, ಕೈಗೆ ನಾಲ್ಕೇ ಬೆರಳು. ಪಕ್ಕದಲ್ಲಿ ಕೋಲು, ಕೋಲಿನ ಮೇಲೆ ಒಂದು ಹಕ್ಕಿ. ಲಾಸ್ಕೋ 4ರಲ್ಲಿ ಗುಹೆ ಮುಗಿದ ಮೇಲೆ ಬರುವ ದೊಡ್ಡ ಕೋಣೆಯಲ್ಲಿ ಅದರ ನಕಲಿದೆ. ಅಲ್ಲಿಗೆ ಬರೋ ಹೊತ್ತಿಗೆ ಗೈಡ್ ಹೊರಟಿರುತ್ತಾರೆ, ಎಷ್ಟೋ ಜನ ನೋಡದೇ ಹೊರಗೆ ಹೋಗಿಬಿಡುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಅವರೇ ಹುಡುಕಿ ತೋರಿಸುತ್ತಾರೆ.