ಬೆರಳಿಟ್ಟರೆ ಬಿಪಿ ಗೊತ್ತಾಗುವುದಿಲ್ಲ

ಕಳೆದ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಕ್ಲಿನಿಕ್‌ಗೆ ಬಂದರು. ತಲೆ ಭಾರ ಅಂದರು. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ 178/104. ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು. ಯಾಕೆ ಎಂದು ಕೇಳಿದೆ. "ಫೋನಿನಲ್ಲಿ ದಿನಾ ನಾರ್ಮಲ್ ಬರ್ತಿದೆಯಲ್ಲ ಡಾಕ್ಟ್ರೇ" ಎಂದು ಆ್ಯಪ್ ತೆರೆದು ಕ್ಯಾಮೆರಾ ಮೇಲೆ ಬೆರಳಿಟ್ಟರು. 128/82 ಬಂತು.

ಇಂಥ ಆ್ಯಪ್ ನಂಬಿ ಮಾತ್ರೆ ಬಿಟ್ಟವರನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಒಂದೇ ವಿಷಯ ಬಿಡಿಸಿ ಹೇಳುತ್ತೇನೆ.

ಪ್ರತಿ ಬಡಿತಕ್ಕೂ ಬೆರಳಿನಲ್ಲಿ ರಕ್ತ ತುಂಬಿ ಇಳಿಯುತ್ತದೆ. ಫೋನಿನ ಬೆಳಕಿನಲ್ಲಿ ಆ ಬಣ್ಣದ ಏರಿಳಿತ ಕ್ಯಾಮೆರಾಕ್ಕೆ ಕಾಣುತ್ತದೆ. ಹಾಗಾಗಿ ನಾಡಿ ಎಣಿಸಲು ಅದಕ್ಕೆ ಬರುತ್ತದೆ. ಆದರೆ ರಕ್ತ ನಾಳವನ್ನು ಎಷ್ಟು ಜೋರಾಗಿ ಒತ್ತುತ್ತಿದೆ ಎನ್ನುವುದು ಬೇರೆ ಮಾತು. ತೋಳಿನ ಪಟ್ಟಿ ನಾಳವನ್ನು ಹಿಸುಕಿ ರಕ್ತ ನಿಲ್ಲಿಸುತ್ತದೆ. ಗಾಳಿ ಬಿಡುತ್ತಾ ಬಂದಂತೆ ರಕ್ತ ಯಾವ ಒತ್ತಡದಲ್ಲಿ ಮತ್ತೆ ನುಗ್ಗಿತು ಎಂದು ನೋಡುತ್ತೇವೆ. ಮೇಲಿನ ಸಂಖ್ಯೆ ಅದೇ. ಸೈಕಲ್ ಚಕ್ರ ಎಷ್ಟು ಸುತ್ತು ತಿರುಗಿತು ಅಂತ ದೂರದಿಂದಲೇ ಎಣಿಸಬಹುದು. ಟ್ಯೂಬಿನಲ್ಲಿ ಗಾಳಿ ಎಷ್ಟಿದೆ ಅಂತ ತಿಳಿಯಲು ಒತ್ತಿಯೇ ನೋಡಬೇಕು, ಅಲ್ವಾ?

ಹಾಗಾದರೆ ಆ 128 ಎಲ್ಲಿಂದ ಬಂತು? ಮೇಷ್ಟ್ರ ಎದುರಿಗೇ ಆ್ಯಪ್‌ನಲ್ಲಿ 68 ಇದ್ದ ವಯಸ್ಸನ್ನು 30 ಮಾಡಿದೆ. ಬೆರಳು ಅದೇ, ಕುರ್ಚಿ ಅದೇ. ಸಂಖ್ಯೆ 116/74ಕ್ಕೆ ಇಳಿಯಿತು. 68ಕ್ಕೆ ತಂದೆ, ಮತ್ತೆ ಏರಿತು. ಅಂದರೆ ಅದು ಅಳೆದದ್ದಲ್ಲ, ವಯಸ್ಸು ನೋಡಿ ಮಾಡಿದ ಅಂದಾಜು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಮಗಳು ಅಕ್ಕರೆಯಿಂದ ಹಾಕಿಕೊಟ್ಟ ಆ್ಯಪ್ ಅದು.

ಅಮೆರಿಕದಲ್ಲೂ ಹೀಗೇ ಆಗಿತ್ತು. 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಎಂಬ ಆ್ಯಪ್ ಅಲ್ಲಿ ಲಕ್ಷಕ್ಕೂ ಜಾಸ್ತಿ ಮಾರಾಟವಾಗಿತ್ತು. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು ಅದನ್ನು ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟರು. ಬಿಪಿ ಏರಿದ್ದ ಪ್ರತಿ ಹತ್ತು ಜನರಲ್ಲಿ ಸುಮಾರು ಎಂಟು ಜನರಿಗೆ ಆ್ಯಪ್ 'ಏರಿಲ್ಲ' ಎಂದಿತ್ತು.

ಕೆಲವು ವಾಚುಗಳು ಬಿಪಿ ಅಂದಾಜು ಮಾಡುತ್ತವೆ, ನಿಜ. ಅವನ್ನೂ ತೋಳಿನ ಮೆಷಿನ್ ಜೊತೆ ಆಗಾಗ ಹೊಂದಿಸಬೇಕು. ಅದನ್ನೇ ನೋಡಿ ಮಾತ್ರೆ ಬದಲಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಶುಗರ್ ವಿಷಯವೂ ಹೀಗೇ. ಚುಚ್ಚದೇ ಶುಗರ್ ಹೇಳುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿದೆ.

ಫೋನ್ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಬರೆದಿಡಲು, ಮಾತ್ರೆಯ ಹೊತ್ತು ನೆನಪಿಸಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೇಷ್ಟ್ರು ಈಗ ತೋಳಿನ ಮೆಷಿನ್ ತಂದಿದ್ದಾರೆ. ಐದು ನಿಮಿಷ ಸುಮ್ನೆ ಕೂತು, ಎರಡು ಸಲ ನೋಡಿ, ಫೋನಿನಲ್ಲಿ ಬರೆದು ವಾಟ್ಸಾಪ್ ಮಾಡುತ್ತಾರೆ. ನಿನ್ನೆಯದು 136/84. ಮಾತ್ರೆ ಸ್ವಲ್ಪ ಏರಿಸಬೇಕೋ ಏನೋ, ಇನ್ನೊಂದು ವಾರದ ಲೆಕ್ಕ ನೋಡುತ್ತೇನೆ.