ಔಷಧಕ್ಕೆ ತಡೆಯಿಲ್ಲ, ದುಡ್ಡಿಗೆ ದಾರಿಯಿಲ್ಲ

ವಿದ್ಯಾರ್ಥಿಯಾಗಿದ್ದಾಗ ನನ್ನ ಮೊದಲ ಸೆಮಿನಾರಿನಲ್ಲಿ ಜೋರಾಗಿ ಹೇಳಿದ್ದೆ: "ಆರ್ಥಿಕ ದಿಗ್ಬಂಧನದಿಂದ ಇರಾಕಿನಲ್ಲಿ ಐದು ಲಕ್ಷ ಮಕ್ಕಳು ಸತ್ತರು." ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಮೇಷ್ಟ್ರು ಒಂದೇ ಮಾತು ಕೇಳಿದರು. "ಯಾರಯ್ಯಾ ಎಣಿಸಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕಿಕೊಂಡು ಹೊರಟವನು ಇನ್ನೂ ಅದೇ ಕೆಲಸದಲ್ಲಿದ್ದೇನೆ.

ಆ ಲೆಕ್ಕದ ಕಥೆ ಕೇಳಿ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ನಾಲ್ಕೇ ದಿನದಲ್ಲಿ ವಿಶ್ವಸಂಸ್ಥೆ ದಿಗ್ಬಂಧನ ಹೇರಿತು. 1995ರಲ್ಲಿ ಬಾಗ್ದಾದಿನ ಮನೆಗಳಲ್ಲಿ ನಡೆದ ಒಂದು ಸಮೀಕ್ಷೆಯ ಮೇಲೆ 5,67,000 ಮಕ್ಕಳ ಸಾವು ಅನ್ನುವ ಅಂದಾಜು 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಅದೇ ತಂಡದ ಸಾರಾ ಜೈದಿ ಅವೇ ಮನೆಗಳಿಗೆ ಮತ್ತೆ ಹೋದರು. ಮೊದಲು ತಾಯಂದಿರು ಹೇಳಿದ್ದರು ಅಂತ ಬರೆದುಕೊಂಡಿದ್ದ ಎಷ್ಟೋ ಸಾವುಗಳು ಎರಡನೇ ಸಲ ಸಿಗಲೇ ಇಲ್ಲ. 1997ರಲ್ಲಿ ಅವರೇ ಅದನ್ನು ಅದೇ ಪತ್ರಿಕೆಗೆ ಬರೆದು ತಿಳಿಸಿದರು. ಈ ಎರಡನೇ ಪತ್ರ ಯಾರಿಗೂ ನೆನಪಿಲ್ಲ.

1999ರಲ್ಲಿ ಯುನಿಸೆಫ್ ಇನ್ನೊಂದು ಸಮೀಕ್ಷೆ ಪ್ರಕಟಿಸಿತು. ಇರಾಕಿನ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ, ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷದೊಳಗೆ ಸಾಯುವವರು 56ರಿಂದ 131ಕ್ಕೆ ಏರಿದ್ದಾರೆ ಅಂತ ಅದು ಹೇಳಿತು. ಸಮೀಕ್ಷೆ ನಡೆದದ್ದು ಸದ್ದಾಂ ಸರ್ಕಾರದ ಜೊತೆ ಸೇರಿ. ಸದ್ದಾಂ ಹೋದ ಮೇಲೆ, 2004ರಿಂದ ಈಚೆಗೆ ನಡೆದ ಸಮೀಕ್ಷೆಗಳಲ್ಲಿ ಅಂಥ ದಿಢೀರ್ ಏರಿಕೆಯ ಗುರುತೇ ಇಲ್ಲ. ಹಳೆಯ ಅಂಕಿಗಳನ್ನು ಇರಾಕ್ ಸರ್ಕಾರವೇ ತಿರುಚಿತ್ತು ಅಂತ ಜನಸಂಖ್ಯಾ ತಜ್ಞರಾದ ಟಿಮ್ ಡೈಸನ್ ಮತ್ತು ವಲೇರಿಯಾ ಚೆಟೊರೆಲ್ಲಿ 2017ರಲ್ಲಿ ಖಾರವಾಗಿಯೇ ಬರೆದರು. ನನಗೆ ಅವರ ವಾದ ಸರಿ ಅನ್ನಿಸುತ್ತದೆ.

ಹಾಗಾದರೆ ದಿಗ್ಬಂಧನದಿಂದ ಯಾರಿಗೂ ಏನೂ ಆಗಲಿಲ್ಲವೇ? ಹಾಗಲ್ಲ. ತೈಲದ ದುಡ್ಡು ನಿಂತಿತು, ದಿನಾರ್ ಬೆಲೆ ನೆಲ ಕಚ್ಚಿತು, ಜನ ಸರ್ಕಾರ ಕೊಡುವ ರೇಷನ್ ನಂಬಿ ಬದುಕಬೇಕಾಯಿತು. ಆದರೆ 1991ರ ಯುದ್ಧದಲ್ಲಿ ವಿದ್ಯುತ್ ಸ್ಥಾವರಗಳ ಮೇಲೂ ಬಾಂಬು ಬಿದ್ದಿತ್ತು. ಕರೆಂಟ್ ಇಲ್ಲದೆ ನೀರು ಶುದ್ಧ ಮಾಡುವ ಘಟಕ ನಡೆಯುವುದಿಲ್ಲ. ಮಗು ಭೇದಿಯಿಂದ ಸತ್ತರೆ ಕಾರಣ ಬಾಂಬೇ, ದಿಗ್ಬಂಧನವೇ, ಇಲ್ಲಾ ಸೀಮಿತವಾಗಿ ತೈಲ ಮಾರಿ ಆಹಾರ, ಔಷಧ ತರಿಸಿಕೊಳ್ಳಿ ಅಂತ ವಿಶ್ವಸಂಸ್ಥೆ ಅಂದಾಗ ವರ್ಷಗಟ್ಟಲೆ ಒಲ್ಲೆ ಅಂದ ಸದ್ದಾಂ ಸರ್ಕಾರವೇ? ಮೂರೂ ಒಂದೇ ಹಗ್ಗದಲ್ಲಿ ಹೆಣೆದುಕೊಂಡಿವೆ. ಎಳೆ ಬಿಡಿಸುವುದೇ ನಮ್ಮ ಕೆಲಸ. ಎಷ್ಟೋ ಸಲ ಬಿಡಿಸಲು ಆಗುವುದಿಲ್ಲ.

ಕಾನೂನಿನ ಕಾಗದ ಓದಿದರೆ ಔಷಧಕ್ಕೆ ಸಾಮಾನ್ಯವಾಗಿ ವಿನಾಯಿತಿ ಇದ್ದೇ ಇರುತ್ತದೆ. ಇರಾಕ್ ಮೇಲೆ ದಿಗ್ಬಂಧನ ಹೇರಿದ ವಿಶ್ವಸಂಸ್ಥೆಯ 661ನೇ ನಿರ್ಣಯದಲ್ಲೂ ಇತ್ತು, ಇರಾನ್ ಮೇಲಿನ ಅಮೆರಿಕದ ನಿಯಮಗಳಲ್ಲೂ ಇದೆ. ಹೊಡೆತ ಬೀಳುವುದು ಬೇರೆ ಕಡೆ. ಅದನ್ನು ನಾನು ಕಲಿತದ್ದು ಬೆಂಗಳೂರಿನಲ್ಲಿ, ಔಷಧದ ಕಚ್ಚಾ ಸಾಮಗ್ರಿ ರಫ್ತು ಮಾಡುವ ಪರಿಚಯದವರೊಬ್ಬರ ಆಫೀಸಿನಲ್ಲಿ. ಟೆಹರಾನಿಗೆ ಹೋಗಬೇಕಿದ್ದ ಡ್ರಮ್ಮುಗಳು ಗೋಡೌನಿನಲ್ಲಿ ಸಾಲಾಗಿ ನಿಂತಿದ್ದವು. ಮಾಲು ರೆಡಿ, ಲೈಸೆನ್ಸ್ ರೆಡಿ. ಬ್ಯಾಂಕು ಮಾತ್ರ ಎಲ್‌ಸಿ, ಅಂದರೆ ಮಾಲಿನ ದುಡ್ಡಿಗೆ ಬ್ಯಾಂಕು ಕೊಡುವ ಖಾತರಿ ಪತ್ರ, ಮುಟ್ಟಲು ಸಿದ್ಧವಿಲ್ಲ. "ಕಾನೂನು ಬೇಡ ಅನ್ನಲ್ಲ ಸಾರ್. ಆದ್ರೆ ಇರಾನ್ ಅನ್ನೋ ಹೆಸರು ಕಂಡ್ರೆ ಸಾಕು, ಫೈಲ್ ಮೇಲಿನವರ ಟೇಬಲ್‌ಗೆ ಹೋಗತ್ತೆ, ಅಲ್ಲೇ ಮಲಗತ್ತೆ" ಅಂದರು. ಹಡಗಿನವರದ್ದೂ, ವಿಮೆಯವರದ್ದೂ ಅದೇ ಕಥೆ. ಸಣ್ಣ ಆರ್ಡರ್‌ಗೋಸ್ಕರ ಅಮೆರಿಕದ ದಂಡದ ಭಯ ಯಾರಿಗೆ ಬೇಕು, ಅಲ್ವಾ?

ಇದಕ್ಕೆ ನಮ್ಮ ಕರಾವಳಿಯ ನಂಟೂ ಇದೆ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನ್ ಕಚ್ಚಾ ತೈಲದ ದೊಡ್ಡ ಗಿರಾಕಿ. ಭಾರತ ಕೊಳ್ಳುತ್ತಿದ್ದ ಆ ತೈಲದ ದುಡ್ಡಿನ ಒಂದು ಪಾಲು 2012ರಿಂದ ರೂಪಾಯಿಯಲ್ಲೇ ಕೋಲ್ಕತ್ತದ ಯೂಕೋ ಬ್ಯಾಂಕಿನ ಖಾತೆಗೆ ಬೀಳುತ್ತಿತ್ತು. ಅದೇ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ, ಚಹಾ, ಔಷಧ ಕೊಳ್ಳುತ್ತಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ರಿಯಾಯಿತಿ ಮುಗಿಯಿತು, ಭಾರತ ತೈಲ ಕೊಳ್ಳುವುದನ್ನು ನಿಲ್ಲಿಸಿತು. ತೈಲ ನಿಂತರೆ ಖಾತೆಗೆ ಹೊಸ ರೂಪಾಯಿ ಬರುವುದಿಲ್ಲ. ಖಾತೆ ಬತ್ತಿದರೆ ಔಷಧಕ್ಕೆ ದುಡ್ಡೆಲ್ಲಿಂದ? ಔಷಧವನ್ನು ಯಾರೂ ತಡೆದಿರಲಿಲ್ಲ, ನೋಡಿ.

ಇರಾನ್ ತನ್ನ ಮಾತ್ರೆಗಳಲ್ಲಿ ಬಹುಪಾಲು ತಾನೇ ತಯಾರಿಸುತ್ತದೆ. ಹಾಗಾಗಿ ಬಿಪಿ ಮಾತ್ರೆಗೆ ಹೇಗೋ ದಾರಿ ಆಗುತ್ತದೆ. ಏಟು ತಿನ್ನುವವರು ಅಪರೂಪದ ಕಾಯಿಲೆಯವರು. ಮುಟ್ಟಿದರೆ ಚರ್ಮ ಕಿತ್ತು ಬರುವ ಒಂದು ಕಾಯಿಲೆಯಿದೆ, ಎಪಿಡರ್ಮೊಲೈಸಿಸ್ ಬುಲೋಸಾ ಅಂತ. ಅಲ್ಲಿ ಅಂಥವರನ್ನು 'ಚಿಟ್ಟೆ ಮಕ್ಕಳು' ಅನ್ನುತ್ತಾರೆ. ಗಾಯಕ್ಕೆ ಅಂಟದ ಮೆತ್ತನೆಯ ಪಟ್ಟಿ ಸ್ವೀಡನ್ನಿನ ಒಂದು ಕಂಪನಿಯಿಂದ ಬರುತ್ತಿತ್ತು. 2018ರಲ್ಲಿ ಅಮೆರಿಕ ನಿರ್ಬಂಧ ಮತ್ತೆ ಹೇರಿದ ಮೇಲೆ ಅದು ನಿಂತಿತು. ಸಾಮಾನ್ಯ ಬ್ಯಾಂಡೇಜ್ ಸುತ್ತಿದರೆ, ಬಿಚ್ಚುವಾಗ ಚರ್ಮವೂ ಅದರ ಜೊತೆ ಬರುತ್ತದೆ. ಅದೇ ವರ್ಷ ಅಕ್ಟೋಬರ್ 3ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಔಷಧ ಮತ್ತು ಆಹಾರಕ್ಕಿರುವ ಅಡ್ಡಿ ತೆಗೆಯಿರಿ ಅಂತ ಅಮೆರಿಕಕ್ಕೆ ಮಧ್ಯಂತರ ಆದೇಶ ಕೊಟ್ಟಿತು. ಬ್ಯಾಂಕುಗಳ ಭಯ ತೆಗೆಯಲು ಯಾವ ನ್ಯಾಯಾಲಯದಿಂದ ತಾನೇ ಆಗುತ್ತದೆ?

ಈ ಭಯ ನನಗೂ ತಟ್ಟಿದೆ. ಟೆಹರಾನಿನ ಸಹೋದ್ಯೋಗಿಯೊಬ್ಬರಿಗೆ ಡೇಟಾ ಎಂಟ್ರಿ ಕೆಲಸಕ್ಕೆ ಇನ್ನೂರು ಡಾಲರ್ ಕಳಿಸಬೇಕಿತ್ತು. ಮೂರು ವಾರ ಆದ ಮೇಲೆ ದುಡ್ಡು ವಾಪಸ್ ಬಂತು, ಕಮಿಷನ್ ಕಳೆದುಕೊಂಡು! ಅವರು ಕೊನೆಗೂ ಪುಕ್ಕಟೆಯಾಗಿ ಕೆಲಸ ಮಾಡಿಕೊಟ್ಟರು. ಆ ಸಾಲ ಇನ್ನೂ ತೀರಿಲ್ಲ.

2025ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್'ನಲ್ಲಿ ಫ್ರಾನ್ಸಿಸ್ಕೊ ರೋಡ್ರಿಗಸ್ ಮತ್ತು ಜೊತೆಗಾರರ ಲೇಖನ ಬಂತು. ವಿಶ್ವಸಂಸ್ಥೆಯ ಮೂಲಕ ಅಲ್ಲದೆ ದೇಶಗಳು ತಾವಾಗಿಯೇ ಹೇರುವ ನಿರ್ಬಂಧಗಳಿಂದ ವರ್ಷಕ್ಕೆ 5,64,258 ಸಾವು ಅನ್ನುವುದು ಅವರ ಅಂದಾಜು. ವಿಶ್ವಸಂಸ್ಥೆಯ ನಿರ್ಬಂಧಗಳಿಗೆ ಅಂಥ ಪರಿಣಾಮ ಅವರ ಲೆಕ್ಕದಲ್ಲಿ ಕಾಣಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೂಡಲೇ, "ನೋಡಿ, ಇರಾಕಿನ ಐದು ಲಕ್ಷ ನಿಜ ಅಂತ ಆಯ್ತು" ಅಂತ ಹಾಕಿದರು! ಸಂಖ್ಯೆ ಹತ್ತಿರ ಹತ್ತಿರ ಇರುವುದು ಸುಮ್ನೆ ಕಾಕತಾಳೀಯ. ಹಳೆಯದು ಒಂದೇ ದೇಶದ್ದು, ಮನೆ ಮನೆಗೆ ಹೋಗಿ ಕೇಳಿದ್ದರ ಮೇಲೆ ನಿಂತದ್ದು. ಹೊಸದು 152 ದೇಶಗಳ 1971ರಿಂದ 2021ರವರೆಗಿನ ಅಂಕಿಗಳನ್ನು ಹೋಲಿಸಿ ಸಂಖ್ಯಾಶಾಸ್ತ್ರದಿಂದ ತೆಗೆದದ್ದು. ಇಲ್ಲಿ ಯಾರೂ ಹೆಣ ಎಣಿಸಿಲ್ಲ. ನಾನು ಈ ಲೇಖನವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಆದರೆ ಆ ಕೊನೆಯ 258ನ್ನು ಅಲ್ಲ.

ಮೊನ್ನೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗಿಯೊಬ್ಬಳು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತೇನೆ ಅಂತ ಬಂದಳು. ಯಾವ ಸಾಫ್ಟ್‌ವೇರ್ ಕಲಿಯಲಿ ಸಾರ್ ಅಂದಳು. ಅದು ಆಮೇಲೆ ಅಂದೆ. ಆ ರಫ್ತುದಾರರ ಫೋನ್ ನಂಬರ್ ಕೊಟ್ಟೆ. ಒಂದು ತಿಂಗಳು ಅವರ ಎಲ್‌ಸಿ ನೋಡಿಕೊಳ್ಳುವ ಗುಮಾಸ್ತರ ಪಕ್ಕ ಕೂರು, ಯಾವ ಫೈಲು ಯಾವ ಟೇಬಲ್‌ನಲ್ಲಿ ಎಷ್ಟು ದಿನ ಮಲಗಿತ್ತು ಅಂತ ಬರೆದುಕೊಂಡು ಬಾ ಅಂದೆ. ಮುಖ ಸಪ್ಪೆ ಮಾಡಿಕೊಂಡು ಹೋದಳು. ನಿನ್ನೆ ಫೋನ್ ಬಂತು: "ಸಾರ್, ಇಲ್ಲೊಂದು ಫೈಲು ಹದಿನಾಲ್ಕು ತಿಂಗಳಿಂದ ಇದೆ. ಏನಂತ ಬರ್ಕೊಳ್ಳಲಿ?"