ಜವಳಿ ಮಳಿಗೆಯ ಅಟ್ಟದಲ್ಲಿ ಸಿಂಫನಿ

ಜರ್ಮನಿಯ ಲೈಪ್‌ಜಿಗ್ ನಗರದ ವಾದ್ಯವೃಂದಕ್ಕೆ ಗೆವಾಂಡ್‌ಹೌಸ್ ಎಂದು ಹೆಸರು. ಹಾಗೆಂದರೆ ಜವಳಿ ಮಳಿಗೆ. ದೊಡ್ಡ ವಾದ್ಯವೃಂದ ನುಡಿಸುವ ಸಿಂಫನಿಗೂ ಜವಳಿಗೂ ಎತ್ತಣ ನಂಟು ಎಂದು ಕೇಳಿದರೆ, ಆ ಊರಿನಲ್ಲಿ ಅರಮನೆ ಇರಲಿಲ್ಲ ಎಂಬಲ್ಲಿಂದ ಕಥೆ ಶುರುಮಾಡಬೇಕು. ಸ್ಯಾಕ್ಸನಿಯ ಆಸ್ಥಾನವಿದ್ದದ್ದು ಡ್ರೆಸ್ಡೆನ್‌ನಲ್ಲಿ. ಲೈಪ್‌ಜಿಗ್ ವ್ಯಾಪಾರಿಗಳ, ಜಾತ್ರೆಗಳ ಊರು. ದೊರೆ ಸಂಬಳ ಕೊಡದಿದ್ದರೇನಂತೆ, 1743ರಲ್ಲಿ ಊರಿನ ಹದಿನಾರು ಮಂದಿ ಸೇರಿ ಹದಿನಾರು ವಾದಕರ ಖರ್ಚು ಹೊತ್ತರು. ಮನೆಯ ಪಡಸಾಲೆ ಸಾಲದಾಗಿ ಮರುವರ್ಷ ಕಚೇರಿ 'ಮೂರು ಹಂಸಗಳು' ಎಂಬ ವಸತಿಗೃಹಕ್ಕೆ ಸಾಗಿತು.

1781ರಲ್ಲಿ ಬಟ್ಟೆ ವ್ಯಾಪಾರಿಗಳ ಕಟ್ಟಡದ ಅಟ್ಟ ಸಿಕ್ಕಿತು. ಅದರೊಳಗೆ ಮರದಿಂದಲೇ ಒಂದು ಸಭಾಂಗಣ ಕಟ್ಟಿದರು. ಕುಳಿತವರಿಗೆ ಪಿಟೀಲಿನ ಹೊಟ್ಟೆಯೊಳಗಿದ್ದಂತೆ ಅನ್ನಿಸಿರಬೇಕು. ಆಸನಗಳು ವೇದಿಕೆಗೆ ಮುಖಮಾಡಿರಲಿಲ್ಲ. ಪಂಕ್ತಿ ಊಟಕ್ಕೆ ಕುಳಿತಂತೆ ಎದುರುಬದುರು ಸಾಲು. ಕಿವಿ ಸಂಗೀತದ ಕಡೆ, ಕಣ್ಣು ಎದುರಿನವರ ರೇಷ್ಮೆಯ ಕಡೆ! ಇದನ್ನು ಊಹಿಸಿಯೇ ಏನೋ, ಗೋಡೆಯ ಮೇಲೆ ರೋಮನ್ ತತ್ತ್ವಜ್ಞಾನಿ ಸೆನೆಕನ ಲ್ಯಾಟಿನ್ ಮಾತು ಬರೆಸಿದ್ದರು: ನಿಜವಾದ ಆನಂದ ಗಂಭೀರವಾದ ಸಂಗತಿ.

1835ರಲ್ಲಿ ಸಂಗೀತ ಸಂಯೋಜಕ ಮೆಂಡೆಲ್ಸನ್ ವಾದ್ಯವೃಂದದ ನಿರ್ದೇಶಕನಾಗಿ ಬಂದ ಮೇಲೆ ಈ ಅಟ್ಟಕ್ಕೆ ಯುರೋಪೇ ಕಿವಿಗೊಟ್ಟಿತು. ಸಂಯೋಜಕ ಶುಬರ್ಟ್ ತೀರಿಕೊಂಡ ಹತ್ತು ವರ್ಷಗಳ ಬಳಿಕ ವಿಯೆನ್ನಾದಲ್ಲಿ ಇನ್ನೊಬ್ಬ ಸಂಯೋಜಕ ಶೂಮನ್ ಕಣ್ಣಿಗೆ ಬಿದ್ದ ಶುಬರ್ಟನ 'ಮಹಾ' ಸಿ ಮೇಜರ್ ಸಿಂಫನಿ 1839ರಲ್ಲಿ ಇಲ್ಲಿಯೇ ಮೊದಲು ನುಡಿಯಿತು.

1884ರಲ್ಲಿ ಬೇರೆ ಜಾಗದಲ್ಲಿ ಎರಡನೆಯ ಭವನ ಎದ್ದಿತು. ಅಲ್ಲಿ ಬಟ್ಟೆಯ ಸುಳಿವೇ ಇರಲಿಲ್ಲ, ಹೆಸರು ಮಾತ್ರ ಜೊತೆಗೆ ಬಂತು. ಬಾಸ್ಟನ್ನಿನ ಸಿಂಫನಿ ಹಾಲ್‌ಗೆ ಮಾದರಿಯಾದದ್ದು ಈ ಭವನವೇ. ಇದರ ಎದುರಿಗಿದ್ದ ಮೆಂಡೆಲ್ಸನ್ ಪ್ರತಿಮೆಯನ್ನು, ಆತ ಹುಟ್ಟಿನಿಂದ ಯಹೂದಿ ಎಂಬ ಒಂದೇ ಕಾರಣಕ್ಕೆ, 1936ರಲ್ಲಿ ನಾಜಿಗಳು ಕಿತ್ತುಹಾಕಿದರು. ಊರಿನ ಮೇಯರ್ ಗೋರ್ಡೆಲರ್ ಆಗ ಪ್ರವಾಸದಲ್ಲಿದ್ದರು. ಮರಳಿ ಬಂದು, ಪ್ರತಿಮೆಯನ್ನು ಮತ್ತೆ ನಿಲ್ಲಿಸಲಾಗದೆ ಅಧಿಕಾರ ಬಿಟ್ಟರು. ಮುಂದೆ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸಿಕ್ಕಿಬಿದ್ದು 1945ರಲ್ಲಿ ಗಲ್ಲಿಗೇರಿದರು. ಭವನವೂ ಯುದ್ಧದ ಬಾಂಬುಗಳಿಗೆ ತುತ್ತಾಯಿತು. ಉಳಿದ ಗೋಡೆಗಳನ್ನು 1968ರಲ್ಲಿ ಕೆಡವಿದರು. ಅಷ್ಟು ದಿನವೂ, ಅದರ ನಂತರವೂ, ವಾದ್ಯವೃಂದ ಮೃಗಾಲಯದ ಪಕ್ಕದ ಸಭಾಭವನದಲ್ಲಿ ಕಾಲ ತಳ್ಳಿತು.

ಮೂರನೆಯ ಗೆವಾಂಡ್‌ಹೌಸ್ ತೆರೆದದ್ದು 1981ರ ಅಕ್ಟೋಬರ್ 8ರಂದು. ಅದಕ್ಕಾಗಿ ಪಟ್ಟುಹಿಡಿದಿದ್ದವರು ವಾದ್ಯವೃಂದದ ನಿರ್ದೇಶಕ ಕುರ್ಟ್ ಮಸೂರ್. ಎಂಟು ವರ್ಷಗಳ ಬಳಿಕ, 1989ರ ಅಕ್ಟೋಬರ್ 9ರ ಸಂಜೆ, ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಸುಮಾರು 70,000 ಜನ ಬೀದಿಗಿಳಿದಿದ್ದಾಗ, ಹಿಂಸೆ ಬೇಡ ಎಂದು ನಗರದ ಧ್ವನಿವರ್ಧಕಗಳಲ್ಲಿ ಕೇಳಿಬಂದದ್ದು ಅವರದೇ ದನಿ. ಗುಂಡು ಹಾರಲಿಲ್ಲ.

ಮೆಂಡೆಲ್ಸನ್ ಪ್ರತಿಮೆಯ ಪ್ರತಿಕೃತಿ 2008ರಲ್ಲಿ ಊರಿಗೆ ಮರಳಿತು. ನಿಂತಿರುವುದು ಮಾತ್ರ ಗೆವಾಂಡ್‌ಹೌಸ್ ಎದುರಲ್ಲ, ಸಂಯೋಜಕ ಬಾಖ್ ದುಡಿದ ಥಾಮಸ್ ಚರ್ಚಿನ ಬಳಿ. ಸೆನೆಕನ ಸಾಲು ಹೊಸ ಭವನದ ಆರ್ಗನ್ ಮೇಲಿದೆ.